ಒಡೆದ ದನಿಗೆ ಯಾವ ಹಾಡು?

ಪೀಟರ್ ವಿಂಟರ್ ಅಂತ ಒಬ್ಬ ಜರ್ಮನ್ ಸಂಗೀತಗಾರ. ಅವನು ಚರ್ಚಿನ ಪೂಜೆಗಾಗಿ ಬರೆದ ಸಂಗೀತವನ್ನು ವಿಯೆನ್ನಾದ ಅರಮನೆಯ ಚರ್ಚಿನಲ್ಲಿ ಹುಡುಗರು ಹಾಡುತ್ತಿದ್ದರು. ಆ ಹುಡುಗರ ಕೈಗೆ ಕೊಡುತ್ತಿದ್ದ ಸ್ವರಲಿಪಿಯ ಹಾಳೆಗಳಲ್ಲಿ ಒಂದರ ಮೇಲೆ ಒಬ್ಬ ಪೋರ ತನ್ನ ಹೆಸರು ಗೀಚಿ, ತಾನು ಕೊನೆಯ ಸಲ 'ಕೂಗಿದ್ದು' 1812ರ ಜುಲೈ 26ರಂದು ಅಂತ ಬರೆದಿಟ್ಟಿದ್ದಾನೆ. ಹಾಡಿದ್ದು ಅಂತ ಅಲ್ಲ, ಕೋಳಿ ಕೂಗುತ್ತಲ್ಲ, ಆ ಕೂಗು. ಅವನಿಗೆ ಆಗ ಹದಿನೈದು ವರ್ಷ. ಗಂಟಲು ಒಡೆದಿತ್ತು. ಹೆಸರು ಫ್ರಾಂಝ್ ಶೂಬರ್ಟ್! ಮುಂದೆ ಆರುನೂರಕ್ಕೂ ಹೆಚ್ಚು ಹಾಡುಗಳಿಗೆ ರಾಗ ಹಾಕಿದ ಅದೇ ಶೂಬರ್ಟ್.

ನನಗೆ ಈ ಗೀಚು ತುಂಬಾ ಇಷ್ಟ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಅದರಲ್ಲಿದೆ, ಆದರೆ ಒಳಗೊಂದು ಸಂಕಟವೂ ಇದೆ. ಒಂದು ದಿನದವರೆಗೆ ನೀನು ಬೇಕು, ಮರುದಿನದಿಂದ ಬೇಡ. ನಿನ್ನ ತಪ್ಪೇನೂ ಇಲ್ಲ, ನೀನು ಬೆಳೆದೆ ಅಷ್ಟೇ.

ಗಂಟಲು ಒಡೆದ ಮಕ್ಕಳಿಗೆ ಏನು ಹಾಡಿಸಬೇಕು ಅನ್ನುವ ಪ್ರಶ್ನೆಗೂ ಒಂದು ಇತಿಹಾಸ ಇದೆ. ಅದನ್ನು ಸ್ವಲ್ಪ ಕೆದಕಿದ್ದೇನೆ. ಓದಿ.

ಮೊದಲು ಗಂಟಲಲ್ಲಿ ಆಗುವುದೇನು ಅಂತ ಎರಡು ಮಾತು. ಹನ್ನೆರಡು ಹದಿಮೂರರ ಸುಮಾರಿಗೆ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ತಂತಿ ಉದ್ದವಾದರೆ ಶ್ರುತಿ ಇಳಿಯುತ್ತದೆ, ವೀಣೆ ನುಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹುಡುಗರ ದನಿ ಹೆಚ್ಚೂ ಕಡಿಮೆ ಒಂದು ಪೂರ್ತಿ ಸ್ಥಾಯಿ ಕೆಳಗೆ ಹೋಗುತ್ತದೆ. ಹುಡುಗಿಯರದೂ ಇಳಿಯುತ್ತದೆ, ಆದರೆ ಮೂರು ಸ್ವರಸ್ಥಾನದಷ್ಟು ಮಾತ್ರ. ಹಾಗಾಗಿ ಅದು ಯಾರ ಗಮನಕ್ಕೂ ಬರುವುದಿಲ್ಲ. ದನಿ ಸ್ವಲ್ಪ ಗಾಳಿ ಗಾಳಿಯಾಗಿ ಕೇಳಿಸುತ್ತದೆ, "ಶೀತ ಆಗಿದೆಯೇನೆ?" ಅಂತ ಕೇಳಿ ಸುಮ್ಮನಾಗುತ್ತೇವೆ. ಹುಡುಗರ ವಿಷಯದಲ್ಲಿ ಹಾಗಲ್ಲ. ತಂತಿ ಉದ್ದವಾಗುವ ವೇಗಕ್ಕೆ ಅದನ್ನು ನುಡಿಸುವ ಸ್ನಾಯುಗಳು ಹೊಂದಿಕೊಂಡಿರುವುದಿಲ್ಲ. ಮಾತಿನ ಮಧ್ಯೆ ದನಿ ಜಾರುತ್ತದೆ, ಕೀರಲಾಗುತ್ತದೆ, ಮನೆಯವರೆಲ್ಲ ನಗುತ್ತಾರೆ.

ಈಗ ಹಿಂದಕ್ಕೆ ಹೋಗೋಣ. ಯುರೋಪಿನ ಚರ್ಚುಗಳಲ್ಲಿ ಬಹುಕಾಲ ಹೆಂಗಸರು ಗುಂಪಿನಲ್ಲಿ ಹಾಡುವಂತಿರಲಿಲ್ಲ. ಆದರೆ ಸಂಗೀತಕ್ಕೆ ಎತ್ತರದ ದನಿ ಬೇಕು. ಹಾಗಾಗಿ ಹುಡುಗರು. ಹುಡುಗನಿಗೆ ಊಟ, ವಸತಿ, ವಿದ್ಯೆ ಸಿಗುತ್ತಿತ್ತು. ಒಂದು ರೀತಿ ನಮ್ಮ ಹಳೆಯ ವಾರಾನ್ನದ ಹಾಗೆ, ಆದರೆ ಕರಾರು ಗಂಟಲಿನ ಮೇಲೆ.

ಯೋಹಾನ್ ಸೆಬಾಸ್ಟಿಯನ್ ಬಾಖ್ 1700ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಹೀಗೇ ಲ್ಯೂನೆಬುರ್ಗ್ ಊರಿನ ಒಂದು ಚರ್ಚ್ ಶಾಲೆಗೆ ಸೇರಿದ. ಅಲ್ಲಿ ಸ್ವಲ್ಪ ಕಾಲದಲ್ಲೇ ಅವನ ದನಿ ಒಡೆಯಿತು. ಅವನ ಮರಣದ ನಂತರ 1754ರಲ್ಲಿ ಅಚ್ಚಾದ, ಅವನ ಮಗನೂ ಸೇರಿ ಬರೆದ ಶ್ರದ್ಧಾಂಜಲಿ ಲೇಖನದಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಒಂದು ದಿನ ಹಾಡುತ್ತಿದ್ದಾಗ ಮೇಲಿನ ಸ್ವರದ ಜೊತೆಗೇ ಒಂದು ಸ್ಥಾಯಿ ಕೆಳಗಿನ ಸ್ವರವೂ ಹೊರಟಿತಂತೆ. ಎಂಟು ದಿನ ಹಾಡಿದರೂ ಮಾತಾಡಿದರೂ ಹೀಗೇ ಎರಡೆರಡು ದನಿ. ಆಮೇಲೆ ಎತ್ತರದ ದನಿ ಹೋಗೇ ಹೋಯಿತು. ಬಾಖ್‌ನ ಅದೃಷ್ಟಕ್ಕೆ ಅವನಿಗೆ ವಾದ್ಯಗಳು ಗೊತ್ತಿದ್ದವು.

ಇಲ್ಲಿ ಇನ್ನೊಂದು ಸ್ವಾರಸ್ಯ. ಬಾಖ್ ಮುಂದೆ ಲೈಪ್‌ಝಿಗ್‌ನಲ್ಲಿ ಹಾಡಿಸುತ್ತಿದ್ದ ಹುಡುಗರ ದಾಖಲೆಗಳನ್ನು ಎಸ್.ಎಫ್. ಡಾ ಎಂಬ ಸಂಶೋಧಕ ಪರಿಶೀಲಿಸಿ 1970ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ದನಿ ಒಡೆಯುತ್ತಿದ್ದದ್ದು ಹದಿನಾರು ಹದಿನೇಳರ ಸುಮಾರಿಗೆ! ಈಗ ಹದಿಮೂರು ಹದಿನಾಲ್ಕಕ್ಕೇ ಆಗುತ್ತದೆ. ಇದಕ್ಕೆ ಪೌಷ್ಟಿಕ ಆಹಾರ, ಆರೋಗ್ಯ ಕಾರಣ ಅನ್ನುತ್ತಾರೆ. ಅಂದರೆ ಆಗಿನ ಹುಡುಗರಿಗೆ ಎತ್ತರದ ದನಿಯ ಜೊತೆ ಕಲಿಯಲು ಮೂರು ವರ್ಷ ಹೆಚ್ಚು ಸಿಗುತ್ತಿತ್ತು. ಈಗಿನ ಮಕ್ಕಳಿಗೆ ಹಾಡು ಕೈಗೆ ಹತ್ತುವ ಹೊತ್ತಿಗೆ ಗಂಟಲು ಕೈ ಕೊಡುತ್ತದೆ.

ಬಾಖ್ ಪಾರಾದ. ಹೈಡನ್ ಕಥೆ ಅಷ್ಟು ಸುಖದ್ದಲ್ಲ. 1732ರಲ್ಲಿ ಹಳ್ಳಿಯಲ್ಲಿ ಹುಟ್ಟಿದ ಯೋಸೆಫ್ ಹೈಡನ್‌ನನ್ನು ಎಂಟರ ವಯಸ್ಸಿಗೆ ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿಗೆ ಹಾಡಲು ಕರೆತಂದರು. ವರ್ಷಗಳು ಕಳೆದಂತೆ ದನಿ ಕೆಟ್ಟಿತು. ಅವನು ಕಾಗೆಯ ಹಾಗೆ ಕಿರುಚುತ್ತಾನೆ ಅಂತ ಮಹಾರಾಣಿ ಮರಿಯಾ ಥೆರೇಸಾ ದೂರಿದಳು ಅಂತ ಅವನ ಜೀವನಚರಿತ್ರೆಗಳು ಹೇಳುತ್ತವೆ. ಅವನ ಜಾಗಕ್ಕೆ ಒಳ್ಳೆಯ ದನಿಯ ತಮ್ಮ ಮಿಖಾಯೆಲ್ ಬಂದ. ಕೊನೆಗೆ 1749ರಲ್ಲಿ, ಜೊತೆಯ ಹುಡುಗನೊಬ್ಬನ ಜಡೆ ಕತ್ತರಿಸಿದ ಅನ್ನುವ ನೆಪಕ್ಕೆ ಹೈಡನ್‌ನನ್ನು ಹೊರಗೆ ಹಾಕಿದರು. ಕೈಯಲ್ಲಿ ಕಾಸಿಲ್ಲ, ಹೋಗಲು ಜಾಗವಿಲ್ಲ.

ಇದಕ್ಕಿಂತ ಘೋರವಾದ ದಾರಿಯೂ ಇತ್ತು. ದನಿ ಒಡೆಯದೇ ಇರಲೆಂದು ಹುಡುಗರ ಬೀಜ ತೆಗೆಸುವ ಪದ್ಧತಿ ಇಟಲಿಯಲ್ಲಿ ಶತಮಾನಗಳ ಕಾಲ ನಡೆಯಿತು. ಇಂಥವರನ್ನು ಕಾಸ್ಟ್ರಾಟೋ ಅನ್ನುತ್ತಿದ್ದರು. ವ್ಯಾಟಿಕನ್‌ನಲ್ಲಿ ಹಾಡುತ್ತಿದ್ದ ಅಲೆಸ್ಸಾಂಡ್ರೊ ಮೊರೆಸ್ಕಿ ಇವರಲ್ಲಿ ಕೊನೆಯವನು. 1902 ಮತ್ತು 1904ರಲ್ಲಿ ಅವನ ಹಾಡುಗಳು ಗ್ರಾಮಫೋನಿಗೆ ದಾಖಲಾದವು. ಈಗಲೂ ಕೇಳಲು ಸಿಗುತ್ತವೆ. ಕೇಳಿ, ಆದರೆ ರಾತ್ರಿ ಹೊತ್ತು ಬೇಡ.

ಇವೆಲ್ಲದರ ಹಿಂದಿನ ತರ್ಕ ಒಂದೇ. ಹಾಡು ಸ್ಥಿರ, ಹುಡುಗ ಅಸ್ಥಿರ. ಹಾಡಿಗೆ ಹುಡುಗ ಹೊಂದದಿದ್ದರೆ ಹುಡುಗನನ್ನು ಬದಲಿಸು, ಇಲ್ಲವೇ ಕತ್ತರಿಸು.

ನಮ್ಮ ಕಡೆ ಏನು ಕಡಿಮೆ ಇತ್ತು ಅಂದುಕೊಳ್ಳಬೇಡಿ. ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ ಇಲ್ಲೂ ಹುಡುಗರೇ ಸೀತೆ, ದ್ರೌಪದಿ. ತಮಿಳುನಾಡಿನಲ್ಲಂತೂ ಬರೀ ಹುಡುಗರದೇ ನಾಟಕ ಕಂಪನಿಗಳಿದ್ದವು. ಶಂಕರದಾಸ ಸ್ವಾಮಿಗಳು 1918ರಲ್ಲಿ ಮದುರೆಯಲ್ಲಿ ಅಂಥದ್ದೊಂದನ್ನು ಕಟ್ಟಿದರು. ಎಂ.ಜಿ.ಆರ್., ಶಿವಾಜಿ ಗಣೇಶನ್ ಇಬ್ಬರೂ ಬೆಳೆದದ್ದು ಬಾಲಕರ ಕಂಪನಿಗಳಲ್ಲೇ. ಮೈಕು ಇಲ್ಲದ ಆ ಕಾಲದಲ್ಲಿ ಹಿಂದಿನ ಸಾಲಿನವನಿಗೂ ಕೇಳಬೇಕೆಂದರೆ ಶ್ರುತಿ ಏರಿಸಿ ಹಾಡಬೇಕು. ದನಿ ಒಡೆದ ಹುಡುಗ ಏನು ಮಾಡಬೇಕು? ತಮಿಳಿನಲ್ಲಿ ಈ ಅವಸ್ಥೆಗೆ 'ಮಕರಕಟ್ಟು' ಅಂತ ಒಂದು ಪದವೇ ಇದೆ. ಕನ್ನಡದಲ್ಲಿ ನಾವು ಗಂಟಲು ಒಡೆಯಿತು ಅಂದು ಮುಗಿಸುತ್ತೇವೆ, ಏನೋ ಮಡಕೆ ಒಡೆದ ಹಾಗೆ.

ಹತ್ತೊಂಬತ್ತನೇ ಶತಮಾನದಲ್ಲಿ ಸ್ವಲ್ಪ ವಿಜ್ಞಾನ ಬಂತು. ಮಾನುಯೆಲ್ ಗಾರ್ಸಿಯಾ ಎಂಬ ಹಾಡುಗಾರಿಕೆಯ ಮೇಷ್ಟ್ರು ಕನ್ನಡಿಗಳನ್ನು ಜೋಡಿಸಿ ಬದುಕಿರುವ ಮನುಷ್ಯನ ಧ್ವನಿತಂತು ಹಾಡುವಾಗ ಹೇಗೆ ಆಡುತ್ತದೆ ಅಂತ ಕಂಡು, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ದನಿ ಒಡೆಯುವ ಕಾಲದಲ್ಲಿ ಹಾಡಲೇಬಾರದು, ಗಂಟಲಿಗೆ ವಿಶ್ರಾಂತಿ ಬೇಕು ಅನ್ನುವುದು ಅವರ ಸಲಹೆ. ಹೊರಗೆ ಹಾಕುವುದಕ್ಕಿಂತ ಇದು ವಾಸಿ, ನಿಜ. ಆದರೆ ಫಲಿತಾಂಶ ಅದೇ ಅಲ್ವಾ? ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹುಡುಗ ಹದಿನಾರಕ್ಕೆ ಮತ್ತೆ ಬಾಯಿ ತೆರೆದು ಹಾಡುತ್ತಾನೆಯೇ? ಹೆಚ್ಚಿನವರು ತೆರೆಯುವುದಿಲ್ಲ. ನಮ್ಮ ಆಫೀಸಿನ ಯಾವುದೇ ಟೀಮ್ ಔಟಿಂಗಿನಲ್ಲಿ ಅಂತ್ಯಾಕ್ಷರಿ ಶುರುವಾದಾಗ ಫೋನಿನಲ್ಲಿ ಮುಖ ಹುದುಗಿಸುವ ಗಂಡಸರನ್ನು ಎಣಿಸಿ ನೋಡಿ.

ಪ್ರಶ್ನೆಯನ್ನು ತಿರುಗಿಸಿದ್ದು ಇಪ್ಪತ್ತನೇ ಶತಮಾನದ ಶಾಲಾ ಮೇಷ್ಟ್ರುಗಳು. ಚರ್ಚಿಗೆ ಆಯ್ದ ಹುಡುಗರು ಸಾಕು. ಆದರೆ ಅಮೆರಿಕದ ಸರ್ಕಾರಿ ಶಾಲೆಯ ಸಂಗೀತದ ತರಗತಿಯಲ್ಲಿ ಎಲ್ಲ ಮಕ್ಕಳೂ ಇರುತ್ತಾರೆ, ಹೊರಗೆ ಹಾಕುವಂತಿಲ್ಲ. ಡಂಕನ್ ಮೆಕೆಂಜಿ 1956ರಲ್ಲಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ದನಿ ಒಂದೇ ದಿನದಲ್ಲಿ ಒಡೆಯುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಅದರ ಜೊತೆಗೆ ಹಾಡನ್ನೂ ಇಳಿಸಿ ಅನ್ನುವುದು ಅವರ ವಾದ. ಹುಡುಗನ ಮಾತಿನ ದನಿಯನ್ನು ಗಮನಿಸಿದರೆ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ ಅಂತಲೂ ಹೇಳಿದರು.

ಅದೇ ಹೊತ್ತಿಗೆ ಅರ್ವಿನ್ ಕೂಪರ್ ಎಂಬವರು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೆನಡಾದ ಮಾಂಟ್ರಿಯಲ್ ಶಾಲೆಗಳಲ್ಲಿ ಸಂಗೀತದ ಮೇಲ್ವಿಚಾರಕರಾಗಿದ್ದವರು. ಹೈಸ್ಕೂಲಿಗೆ ಬರುತ್ತಿದ್ದಂತೆ ಹುಡುಗರೇಕೆ ಹಾಡು ಬಿಡುತ್ತಾರೆ ಅನ್ನುವುದು ಅವರ ತಲೆ ತಿಂದ ಪ್ರಶ್ನೆ. ಅವರು ಕಂಡುಕೊಂಡದ್ದು ಸರಳ. ಹುಡುಗರಿಗೆ ಹಾಡು ಬೇಡವಾಗಿಲ್ಲ, ಅವರ ಗಂಟಲಿಗೆ ಹೊಂದುವ ಹಾಡೇ ಇಲ್ಲ! ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನನ್ನೇ ಹಾಡಿಸಿದರೆ ನಾಚುತ್ತಾರೆ ಅಂತ, ಎಲ್ಲರಿಗೂ ಗೊತ್ತಿರುವ ಹಾಡನ್ನು ಗುಂಪಿನಲ್ಲಿ ಹಾಡಿಸಿ ನಡುವೆ ಓಡಾಡುತ್ತಾ ಕಿವಿಗೊಟ್ಟು ದನಿಗಳನ್ನು ವಿಂಗಡಿಸುವ ಉಪಾಯ ಮಾಡಿದರು. ಈ ಮಧ್ಯದ ದನಿಗೆ 'ಕಾಂಬಿಯಾಟಾ' ಎಂದು ಹೆಸರಿಟ್ಟರು. ಇಟಾಲಿಯನ್‌ನಲ್ಲಿ ಬದಲಾದದ್ದು ಅಂತ ಅರ್ಥ. ಒಡೆದದ್ದು ಅಂತಲ್ಲ, ಗಮನಿಸಿ. 1950ರಿಂದ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾ, ಈ ದನಿಗಳಿಗೆಂದೇ ಹಾಡುಗಳನ್ನು ಹೊಂದಿಸಿದರು.

ಫ್ರೆಡರಿಕ್ ಸ್ವಾನ್ಸನ್ ಎಂಬ ಇನ್ನೊಬ್ಬರು ಇದಕ್ಕೆ ತಕರಾರು ತೆಗೆದರು. ಎಲ್ಲರ ದನಿಯೂ ಮೆಲ್ಲಗೆ ಇಳಿಯುವುದಿಲ್ಲ, ಕೆಲವರದು ಧೊಪ್ಪನೆ ಕೆಳಗೆ ಬೀಳುತ್ತದೆ ಅಂತ. ಕೊನೆಗೆ ಜಾನ್ ಕುಕ್ಸಿ 1977-78ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ, ದನಿ ಬದಲಾಗುವ ಹಂತಗಳನ್ನು ಪಟ್ಟಿ ಮಾಡಿ, ಪ್ರತಿ ಹಂತದಲ್ಲಿ ಯಾವ ಸ್ವರದಿಂದ ಯಾವ ಸ್ವರದವರೆಗೆ ಹಾಡಬಹುದು ಅಂತ ಬರೆದರು. ಹುಡುಗಿಯರ ದನಿಯ ಬಗ್ಗೆ ಲಿನ್ ಗ್ಯಾಕಲ್ ಇಂಥದ್ದೇ ಕೆಲಸ ಮಾಡಿದರು.

ಸರಿ, ಇದು ಮೇಷ್ಟ್ರುಗಳ ಕಥೆ. ಕ್ಯಾರಿಯೋಕೆ ಎಲ್ಲಿಂದ ಬಂತು?

ಜಪಾನಿನ ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳು ಹಾಡಿದಾಗ ಹಿಮ್ಮೇಳ ಕೊಡುತ್ತಿದ್ದವರು ದೈಸುಕೆ ಇನೌಯೆ. ಸಣ್ಣ ಕಂಪನಿಯೊಂದರ ಯಜಮಾನ ಅವರ ಖಾಯಂ ಗಿರಾಕಿ. ಅವನಿಗೆ ಹಾಡಲು ಬಾರದು, ಆದರೆ ಹಾಡುವ ಆಸೆ. ಇನೌಯೆ ಅವನ ಗಂಟಲಿಗೆ ತಕ್ಕಂತೆ ನುಡಿಸುತ್ತಿದ್ದರು. ಒಮ್ಮೆ ಪ್ರವಾಸಕ್ಕೆ ತನ್ನ ಜೊತೆ ಬಾ ಅಂತ ಆತ ಕರೆದ. ಇನೌಯೆಗೆ ಹೋಗಲಾಗಲಿಲ್ಲ, ಅವನ ಶ್ರುತಿಗೆ ಹೊಂದುವಂತೆ ಹಿಮ್ಮೇಳ ನುಡಿಸಿ ಟೇಪ್ ಮಾಡಿ ಕೊಟ್ಟರು. 1971ರಲ್ಲಿ ಟೇಪ್, ಮೈಕು, ನಾಣ್ಯ ಹಾಕುವ ಪೆಟ್ಟಿಗೆ ಸೇರಿಸಿ '8 ಜ್ಯೂಕ್' ಅನ್ನುವ ಹನ್ನೊಂದು ಯಂತ್ರ ಮಾಡಿಸಿ ಬಾಡಿಗೆಗೆ ಬಿಟ್ಟರು. ಪೇಟೆಂಟ್ ಮಾಡಿಸಲಿಲ್ಲ ಪುಣ್ಯಾತ್ಮ. (ಇನೌಯೆಗಿಂತ ಮೊದಲೇ, 1967ರಲ್ಲಿ, ಶಿಗೆಯಿಚಿ ನೆಗಿಶಿ ಎಂಬವರು ಇಂಥ ಪೆಟ್ಟಿಗೆ ಮಾಡಿದ್ದರು. 1975ರಲ್ಲಿ ಫಿಲಿಪ್ಪೀನ್ಸಿನ ರೊಬೆರ್ಟೊ ಡೆಲ್ ರೊಸಾರಿಯೋ ತಮ್ಮದೇ ಯಂತ್ರ ಮಾಡಿದರು. ಯಾರು ಮೊದಲು ಅನ್ನುವ ಜಗಳ ನಮಗೆ ಬೇಡ.)

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ. ಆ ಟೇಪು ಹುಟ್ಟಿದ್ದೇ ಒಬ್ಬ ಅಪಸ್ವರದ ಮನುಷ್ಯನ ಗಂಟಲಿಗೆ ಹಾಡನ್ನು ಹೊಂದಿಸಲು. ಹೈಡನ್‌ನನ್ನು ಹೊರದಬ್ಬಿದ ತರ್ಕಕ್ಕೆ ಪೂರಾ ಉಲ್ಟಾ.

ಆದರೆ ಟೇಪಿನಲ್ಲಿ ಶ್ರುತಿ ಒಮ್ಮೆ ಕೂತರೆ ಕೂತಿತು. ಟೇಪನ್ನು ನಿಧಾನಕ್ಕೆ ಓಡಿಸಿದರೆ ಶ್ರುತಿಯ ಜೊತೆ ಹಾಡೂ ನಿಧಾನವಾಗುತ್ತದೆ. ವೇಗ ಬದಲಿಸದೆ ಶ್ರುತಿ ಬದಲಿಸುವ ಡಿಜಿಟಲ್ ಯಂತ್ರ, ಈವೆಂಟೈಡ್ ಕಂಪನಿಯದು, 1975ರಲ್ಲಿ ಮಾರುಕಟ್ಟೆಗೆ ಬಂತು, ಸ್ಟುಡಿಯೋಗಳಿಗೆ. ಮಕ್ಕಳಿಗೆ ಕ್ಯಾರಿಯೋಕೆ ದಕ್ಕಿದ್ದು 1980ರ ದಶಕದ ಮಧ್ಯದಲ್ಲಿ ಜಪಾನಿನ ಒಕಾಯಾಮಾದಲ್ಲಿ ಹಳೆಯ ಸರಕಿನ ಕಂಟೇನರನ್ನೇ ಕೋಣೆ ಮಾಡಿ 'ಕ್ಯಾರಿಯೋಕೆ ಬಾಕ್ಸ್' ಶುರುವಾದ ಮೇಲೆ. ಬಾರು ಬೇಡ, ಅಪರಿಚಿತರು ಬೇಡ, ಗೆಳೆಯರು ಮಾತ್ರ. ಆಮೇಲೆ 1992ರಲ್ಲಿ ಫೋನ್ ಲೈನಿನ ಮೂಲಕ ಹಾಡು ತರಿಸಿಕೊಳ್ಳುವ ಯಂತ್ರ ಬಂತು. ಅದರಲ್ಲಿ ಬರುತ್ತಿದ್ದದ್ದು ಧ್ವನಿಮುದ್ರಣ ಅಲ್ಲ, 'ಮಿಡಿ' ಎಂಬ ಸಂಖ್ಯೆಗಳ ಪಟ್ಟಿ.

ಇಲ್ಲಿ ನನ್ನೊಳಗಿನ ಸಾಫ್ಟ್‌ವೇರ್ ಪ್ರಾಣಿ ಎದ್ದು ಕೂರುತ್ತದೆ :-) 1983ರ ಮಿಡಿ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಸಂಖ್ಯೆ. ಪಿಯಾನೋದ ಮಧ್ಯದ 'ಸಿ' ಅಂದರೆ 60. ಒಂದು ಸ್ಥಾಯಿ ಅಂದರೆ 12. ಇಡೀ ಹಾಡನ್ನು ಇಳಿಸಬೇಕೇ? ಎಲ್ಲ ಸ್ವರಗಳಿಂದ ಒಂದೇ ಸಂಖ್ಯೆಯನ್ನು ಕಳೆಯಿರಿ, ತಾಳವಾದ್ಯ ಬಿಟ್ಟು. ಮುಗಿಯಿತು. ಕ್ಯಾರಿಯೋಕೆ ರಿಮೋಟಿನಲ್ಲಿ ಇರುವ ಕೂಡು, ಕಳೆ ಗುಂಡಿಗಳು ಇಷ್ಟೇ.

ಈಗ ಕುಕ್ಸಿ ಪಟ್ಟಿಯನ್ನು ಈ ಸಂಖ್ಯೆಗೆ ಹೊಂದಿಸಿ ನೋಡಿ. ದನಿ ಬದಲಾಗುವ ನಡುಹಂತದ ಹುಡುಗನ ವ್ಯಾಪ್ತಿ ಸುಮಾರು 53ರಿಂದ 69. ಅದರಲ್ಲೂ ಆರಾಮಾಗಿ ಹಾಡುವ ಜಾಗ ಒಂದು ಸ್ಥಾಯಿಗಿಂತ ಕಡಿಮೆ. ಮಕ್ಕಳ ಹಾಡೊಂದು 60ರಿಂದ 72ರವರೆಗೆ ಇದೆ ಅಂದುಕೊಳ್ಳಿ. ಅವನಿಗೆ 72 ಎಟುಕದು. "ಹಾಗಾದರೆ ಒಂದು ಸ್ಥಾಯಿ ಕೆಳಗೆ ಹಾಡೋ" ಅಂದರೆ 48ಕ್ಕೆ ಹೋಗಬೇಕು, ಅದೂ ಎಟುಕದು. ಮೇಲೂ ಇಲ್ಲ, ಕೆಳಗೂ ಇಲ್ಲ, ತ್ರಿಶಂಕು. ಐದು ಕಳೆದರೆ? 55ರಿಂದ 67. ಸರಿಯಾಗಿ ಕೂರುತ್ತದೆ! ಇನ್ನೊಂದು ವರ್ಷದಲ್ಲಿ ದನಿ ಪೂರ್ತಿ ಇಳಿದ ಮೇಲೆ ಅದೇ ಹಾಡಿನ ಮೂಲ ಟ್ರ್ಯಾಕಿಗೇ ಒಂದು ಸ್ಥಾಯಿ ಕೆಳಗೆ ಆರಾಮಾಗಿ ಹಾಡಬಹುದು. ಇನ್ನೂರು ವರ್ಷದ ಅವಮಾನಕ್ಕೆ ಪರಿಹಾರ ಒಂದು ಕಳೆಯುವ ಲೆಕ್ಕ.

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಮಕ್ಕಳ ಕ್ಯಾರಿಯೋಕೆ ಟ್ರ್ಯಾಕ್ ಜೋಡಿಸುವ ಕೆಲಸ ನನ್ನ ತಲೆಗೆ ಬಂತು. ಕಂಪ್ಯೂಟರ್ ಗೊತ್ತಿರುವವನು ಅಂದರೆ ಎಲ್ಲ ಗೊತ್ತು ಅಂತ ತಾನೇ? ಏಳನೇ ಕ್ಲಾಸಿನ ಕೆಳಗಿನ ಮಕ್ಕಳೆಲ್ಲ ಹೆಸರು ಕೊಟ್ಟರು. ಎಂಟು, ಒಂಬತ್ತರ ಹುಡುಗರು ಒಬ್ಬರೂ ಇಲ್ಲ. ನನ್ನಕ್ಕನ ಮಗನನ್ನು ಕೇಳಿದೆ. "ಮಾಮ, ನಾನು ಕುರ್ಚಿ ಜೋಡಿಸ್ತೀನಿ, ಹಾಡು ಮಾತ್ರ ಬೇಡ" ಅಂದ. ಮೂರು ವರ್ಷದ ಹಿಂದೆ ಇವನ ಬಾಯಿ ಮುಚ್ಚಿಸಲು ಚಾಕ್ಲೇಟ್ ಕೊಡಬೇಕಿತ್ತು.

ಟ್ರ್ಯಾಕ್ ಹುಡುಕಲು ಕೂತಾಗ ಸಮಸ್ಯೆ ಅರ್ಥವಾಯಿತು. ಕನ್ನಡ ಸಿನೆಮಾದಲ್ಲಿ ಹದಿಮೂರರ ಹುಡುಗನ ದನಿಯೇ ಇಲ್ಲ! ಮಕ್ಕಳ ಹಾಡುಗಳನ್ನು ಬಹುಪಾಲು ಹಾಡಿದವರು ಎಸ್. ಜಾನಕಿಯಂಥ ಗಾಯಕಿಯರು, ಮಗುವಿನ ದನಿ ಮಾಡಿ. ತನ್ನ ದನಿಯಲ್ಲೇ ಹಾಡಿದ ಮಗು ಅಂದರೆ ಪುನೀತ್, 1981ರ 'ಭಾಗ್ಯವಂತ'ದಲ್ಲಿ, ಆರರ ವಯಸ್ಸಿನಲ್ಲಿ. 1989ರ 'ಪರಶುರಾಮ್' ಆದಮೇಲೆ ಅವರು ನಾಯಕನಾಗಿ ಬಂದು ಹಾಡಿದ್ದು 2002ರ 'ಅಪ್ಪು'ವಿನಲ್ಲಿ. ನಡುವಿನ ವರ್ಷಗಳ ದನಿ ನಮ್ಮ ಹತ್ತಿರ ಇಲ್ಲ. ಯಾವ ಹುಡುಗನದೂ ಇಲ್ಲ. ಮಗುವಿನಿಂದ ನೇರ ಗಂಡಸಿಗೆ ಹಾರಿಬಿಡುತ್ತೇವೆ. ಗಂಡಸರ ಹಾಡುಗಳೋ, ರಾಜ್‌ಕುಮಾರ್, ಎಸ್ಪಿಬಿ, ಸಿ. ಅಶ್ವತ್ಥ್ ಥರದ ಗಂಟಲಿಗೆ ಮಾಡಿದವು. ಮೇಲಕ್ಕೆ ಏರಿ ನಿಂತರೆ ಇಳಿಯುವುದೇ ಇಲ್ಲ.

ನಾನು ಹಿಡಿದ ದಾರಿ ಇದು. ಹುಡುಗನ ಜೊತೆ ಮೊದಲು ಕ್ರಿಕೆಟ್ಟಿನ ಬಗ್ಗೆ ಐದು ನಿಮಿಷ ಮಾತಾಡಿಸಿ. ಮಾತಿನ ದನಿಗಿಂತ ಹೆಚ್ಚು ಕೆಳಗೆ ಅವನು ಹಾಡಲಾರ. ಆಮೇಲೆ ಹಾಡಿನ ಅಗಲ ಅಳೆಯಿರಿ. ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು. ಒಂದು ಸ್ಥಾಯಿ ಮೀರಿದರೆ ಪಕ್ಕಕ್ಕಿಡಿ. 'ಹ್ಯಾಪಿ ಬರ್ತ್‌ಡೇ' ಹಾಡು ಸರಿಯಾಗಿ ಒಂದು ಸ್ಥಾಯಿ, ಅದರ ಮೂರನೇ ಸಾಲಿನಲ್ಲಿ ಹಾರಿ ಹಿಡಿಯುವ ಜಾಗದಲ್ಲಿ ದೊಡ್ಡವರೇ ಕೀರಲು ಹೊಡೆಯುತ್ತೇವೆ! ಅಂದರೆ ಅಗಲ ಮಾತ್ರ ಅಲ್ಲ, ಸ್ವರಗಳು ಹಾರದೆ ಮೆಟ್ಟಿಲಿಳಿದ ಹಾಗೆ ಪಕ್ಕ ಪಕ್ಕ ಸಾಗಬೇಕು. ಈ ಲೆಕ್ಕದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುಗಳು ಚಿನ್ನದ ಗಣಿ. ಮೆತ್ತಗೆ, ತಗ್ಗಿನಲ್ಲಿ, ಕಿರುಚಾಟವಿಲ್ಲದೆ ಸಾಗುತ್ತವೆ. ಆಗತಾನೇ ಇಳಿದ ದನಿಗೆ ಹೇಳಿ ಮಾಡಿಸಿದ ಹಾಗೆ. ಇನ್ನೂ ಇಳಿಯುತ್ತಿರುವ ದನಿಗೆ ಎರಡು ಮೂರು ಸ್ವರಸ್ಥಾನ ಏರಿಸಿಕೊಂಡರಾಯಿತು. ಯೂಟ್ಯೂಬಿನಲ್ಲಿ ಸಿಗುವ ಟ್ರ್ಯಾಕಿನ ಶ್ರುತಿಯೇ ವೇದವಾಕ್ಯ ಅಲ್ಲ. ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ವೇಗ ಕೆಡದಂತೆ ಶ್ರುತಿ ಬದಲಿಸಬಹುದು. ಮೂರು ನಾಲ್ಕು ಸ್ವರಸ್ಥಾನಕ್ಕಿಂತ ಹೆಚ್ಚು ಎಳೆದರೆ ಹಿಮ್ಮೇಳ ವಿಕಾರವಾಗಿ ಕೇಳುತ್ತದೆ, ಅಷ್ಟು ಬೇಕಾದರೆ ಬೇರೆ ಹಾಡು ಆರಿಸಿ. ಮತ್ತೆ, ಇವತ್ತು ಹೊಂದಿದ ಶ್ರುತಿ ಆರು ವಾರದ ನಂತರ ಹೊಂದುತ್ತದೆ ಅನ್ನುವ ಭರವಸೆ ಇಲ್ಲ. ಕಾರ್ಯಕ್ರಮದ ಹಿಂದಿನ ದಿನ ಇನ್ನೊಮ್ಮೆ ಹಾಡಿಸಿ ನೋಡಿ. ಇಬ್ಬರು ಮೂವರನ್ನು ಒಟ್ಟಿಗೆ ನಿಲ್ಲಿಸಿ, ಒಬ್ಬನ ದನಿ ಜಾರಿದರೆ ಇನ್ನೊಬ್ಬನದು ಹಿಡಿಯುತ್ತದೆ.

ತಮಾಷೆ ಅಂದರೆ ನಮ್ಮ ಸಂಗೀತಕ್ಕೆ ಇದು ಹೊಸ ವಿಷಯವೇ ಅಲ್ಲ. ಕರ್ನಾಟಕ ಸಂಗೀತದಲ್ಲಿ ಹಾಡಿಗೆ ಅಂತ ಸ್ಥಿರ ಶ್ರುತಿಯೇ ಇಲ್ಲ. ತಂಬೂರಿಯನ್ನು ಹಾಡುವವರ ಗಂಟಲಿಗೆ ಮೀಟಿಕೊಳ್ಳುತ್ತಾರೆ. ಹೆಂಗಸರು, ಮಕ್ಕಳು ಐದು, ಆರನೇ ಮನೆ, ಗಂಡಸರು ಒಂದು, ಎರಡನೇ ಮನೆ. ದನಿ ಬದಲಾದ ಶಿಷ್ಯನಿಗೆ ಗುರುಗಳು ಶ್ರುತಿ ಪೆಟ್ಟಿಗೆಯ ತಿರುಗಣೆ ತಿರುಗಿಸಿದರೆ ಸಾಕು, ಕೃತಿ ಅದೇ, ಹುಡುಗನೂ ಅವನೇ. ಆದರೆ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ನಿಂತ ಹುಡುಗಿಯರ ಶ್ರುತಿಗೇ ಎಲ್ಲರೂ ಹಾಡಬೇಕು. ಹಿಂದಿನ ಸಾಲಿನ ಹೈಸ್ಕೂಲ್ ಹುಡುಗರು ತುಟಿ ಮಾತ್ರ ಅಲ್ಲಾಡಿಸುತ್ತಾರೆ. ಅದನ್ನು ಅಶಿಸ್ತು ಅಂತ ಬೈಯುತ್ತೇವೆ. ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ ಹುಡುಗರಿಗೆಂದೇ ಒಂದು ಪ್ರತ್ಯೇಕ ಧಾಟಿ ಇರುವ, ಮೂರು ಭಾಗದ ಸಮೂಹಗೀತೆಗಳನ್ನೇ ಹಾಡಿಸುತ್ತಾರೆ. ನಮ್ಮಲ್ಲಿ ಕವಿಗಳಿದ್ದಾರೆ, ರಾಗ ಹಾಕುವವರಿದ್ದಾರೆ, ಭಾವಗೀತೆಯ ಇಷ್ಟು ದೊಡ್ಡ ಪರಂಪರೆ ಇದೆ. ಎಂಟನೇ ಕ್ಲಾಸಿನ ಗಂಟಲಿಗೆ ಅಳತೆ ತೆಗೆದು ಹೊಲಿದ ಹತ್ತು ಹಾಡು ಮಾಡುವುದು ಅಷ್ಟು ಕಷ್ಟವೇ?

ದನಿ ಒಡೆಯುವ ಎರಡು ವರ್ಷ ಹಾಡು ಕೈಬಿಟ್ಟವನು ಬಹುತೇಕ ಜೀವನಪೂರ್ತಿ ಕೇಳುಗನಾಗಿ ಉಳಿಯುತ್ತಾನೆ. ಹಾಡು ಬಾರದವನು ಅಂತ ತನ್ನನ್ನು ತಾನೇ ನಂಬಿಸಿಕೊಳ್ಳುತ್ತಾನೆ. ಆ ವಯಸ್ಸಿನಲ್ಲಿ ಯಾರಾದರೂ ಆ ಗುಂಡಿಯನ್ನು ಎರಡು ಸಲ ಒತ್ತಿದ್ದರೆ ಸಾಕಿತ್ತು.

ನಿಮಗೆ ಗೊತ್ತಿರುವ, ಒಂದು ಸ್ಥಾಯಿಯೊಳಗೆ ಮುಗಿಯುವ ಕನ್ನಡ ಹಾಡುಗಳಿದ್ದರೆ ಹೆಸರು ಹೇಳಿ, ಪಟ್ಟಿ ಮಾಡೋಣ. ಸಂಕ್ರಾಂತಿಗೆ ಇನ್ನೊಂದು ಕಾರ್ಯಕ್ರಮ ಇದೆ.